ಹಲಗಲಿಯ ಬೀಸೋಕಲ್ಲು: ಒಂದು ಊರಿನ ಕಥೆ ಹಾಡಲ್ಲಿ ಉಳಿದಿದ್ದು ಹೇಗೆ?

ಹತ್ತನೇ ಕ್ಲಾಸಲ್ಲಿ ಕನ್ನಡವನ್ನ ಪ್ರಥಮ ಭಾಷೆಯಾಗಿ ಓದಿದವರಿಗೆ ‘ಹಲಗಲಿ ಬೇಡರು’ ಪದ್ಯ ನೆನಪಿರಬಹುದು. ಸಂದರ್ಭ, ಸ್ವಾರಸ್ಯ ಬರೆದು, ಮಾರ್ಕ್ಸ್ ತಗೊಂಡು ನಮ್ಮಲ್ಲಿ ಬಹಳ ಜನ ಅದನ್ನ ಅಲ್ಲೇ ಬಿಟ್ಟು ಬಂದಿದ್ದೀವಿ. ಇವತ್ತಿನ ಎಪಿಸೋಡ್‌ನಲ್ಲಿ ಅದೇ ಪದ್ಯವನ್ನ ಇನ್ನೊಂದ್ಸಲ ತೆಗೆದು ನೋಡೋಣ. ಯಾಕಂದ್ರೆ ಅದು ಮೊದಲು ಪುಸ್ತಕದ ಪದ್ಯ ಆಗಿರಲಿಲ್ಲ. ಜನರ ಮುಂದೆ ನಿಂತು ಹಾಡ್ತಿದ್ದ ಲಾವಣಿ ಅದು. ಒಂದು ಊರಿಗೆ ಏನಾಯ್ತು ಅನ್ನೋ ಸುದ್ದಿ.

ಮೊದಲು ಘಟನೆ ಏನು ಅಂತ ನೋಡೋಣ. ಹಲಗಲಿ ಇರೋದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ. ಆಗ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. 1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ರು. ಹೆದರಿದ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂತು. ಜನ ತಮ್ಮ ಹತ್ತಿರ ಇರೋ ಆಯುಧಗಳನ್ನ ತಂದು ಒಪ್ಪಿಸಬೇಕು ಅನ್ನೋದು ಅದರ ತಿರುಳು. ಹಲಗಲಿಯ ಬೇಡರಿಗೆ ಆಯುಧ ಅಂದ್ರೆ ಬೇಟೆ, ಅಂದ್ರೆ ಹೊಟ್ಟೆಪಾಡು. ಜೊತೆಗೆ ಮರ್ಯಾದೆ. ಅವರು ಕೊಡಲ್ಲ ಅಂದ್ರು. ಹನುಮ, ಬಾಲ, ಜಡಗ, ರಾಮ ಅನ್ನೋ ನಾಲ್ವರು ಮುಂದಾಳುಗಳ ಹೆಸರು ಲಾವಣಿಯಲ್ಲೇ ಬರುತ್ತೆ.

ನವೆಂಬರ್ ಕೊನೆಯಲ್ಲಿ ಕಂಪನಿಯ ಕುದುರೆ ದಂಡು ಊರಿಗೆ ಬಂತು. ಹೊಡೆದಾಟ ಆಯ್ತು, ಊರಿಗೆ ಬೆಂಕಿ ಬಿತ್ತು. ಸಿಕ್ಕವರನ್ನ ಹಿಡಿದು, 19 ಜನರನ್ನ ಗಲ್ಲಿಗೇರಿಸಿದ್ರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನ, ಡಿಸೆಂಬರ್ 14ಕ್ಕೆ ಹಲಗಲಿಯಲ್ಲೇ 6 ಜನ. ಇತಿಹಾಸದ ಪುಸ್ತಕ ತೆಗೆದ್ರೆ ಹೆಚ್ಚುಕಡಿಮೆ ಇಷ್ಟು ಸಿಗುತ್ತೆ: ಕಾಯ್ದೆ, ತಾರೀಕು, ಸತ್ತವರ ಸಂಖ್ಯೆ.

ಈಗ ಲಾವಣಿಗೆ ಬನ್ನಿ. ಕೊನೇ ಭಾಗದಲ್ಲಿ ದಂಡಿನವರು ಏನೇನು ಹೊತ್ಕೊಂಡು ಹೋದ್ರು ಅಂತ ಒಂದು ಪಟ್ಟಿ ಇದೆ. ಕೊಡಲಿ, ಕಬ್ಬಿಣದ ಸಾಮಾನು. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಬೆಲ್ಲ. ಗಂಗಾಳ, ಚರಿಗೆ. ಮಂಗಳಸೂತ್ರ. ಬೀಸೋಕಲ್ಲು ಕೂಡ!

ನಾನು ಓದಿದ್ದು ಬಿಕಾಂ. ನನಗೆ ಇದು ಥೇಟ್ ಸ್ಟಾಕ್ ರಿಜಿಸ್ಟರ್ ಥರ ಕಾಣಿಸ್ತು. ಒಂದು ಮನೆಯ ಅಡುಗೆಕೋಣೆಯಿಂದ ಶುರುವಾಗಿ ಹೆಂಗಸಿನ ಕೊರಳವರೆಗೂ ಹೋಗೋ ಲೆಕ್ಕ. ಜೀರಿಗೆ ಹೋಯ್ತು ಅಂತ ಯಾವ ಅಧಿಕಾರಿ ವರದಿ ಬರೀತಾನೆ ಹೇಳಿ? ಆದರೆ ಬೀಸೋಕಲ್ಲು ಹೋದ್ರೆ ನಾಳೆ ಬೆಳಿಗ್ಗೆ ರೊಟ್ಟಿ ಇಲ್ಲ ಅನ್ನೋದು ಆ ಊರಿನವರಿಗೆ ಗೊತ್ತು. ಹಾಡು ಕಟ್ಟಿದವನಿಗೂ ಗೊತ್ತಿತ್ತು. ಅದಕ್ಕೇ ಬೇಡರ ಶೌರ್ಯದ ಜೊತೆಗೆ ಬೀಸೋಕಲ್ಲನ್ನೂ ಹಾಡಿಗೆ ಸೇರಿಸಿದ.

ಯಾರು ಆ ಕವಿ? ಹೆಸರು ಉಳಿದಿಲ್ಲ. ಹಾಡಿನ ಕೊನೆಗೆ ಕುರ್ತಕೋಟಿಯ ಕಲ್ಮೇಶ ದೇವರ ಹೆಸರು ಬರುತ್ತೆ. ಕುರ್ತಕೋಟಿ ಈಗಿನ ಗದಗ ಜಿಲ್ಲೆಯ ಊರು. ಅಂದ್ರೆ ಹಲಗಲಿಯ ಸುದ್ದಿ ಹಲಗಲಿಯಲ್ಲೇ ಕೂತಿರಲಿಲ್ಲ. ಪೇಪರ್ ಓದಕ್ಕೆ ಬರದ ಜನರಿಗೆ ಡಪ್ಪು, ತುಂತುಣಿ ಹಿಡಿದ ಹಾಡುಗಾರರೇ ಅದನ್ನ ಮುಟ್ಟಿಸಿದ್ರು.

ಇಲ್ಲಿ ಒಂದು ವಿಚಿತ್ರ ನೋಡಿ. ಈ ಲಾವಣಿಯನ್ನ ಮೊದಲು ಅಚ್ಚಿಗೆ ತಂದವನು ಅದೇ ಬ್ರಿಟಿಷ್ ಆಡಳಿತದ ಒಬ್ಬ ಅಧಿಕಾರಿ, ಜೆ. ಎಫ್. ಫ್ಲೀಟ್. ನಮ್ಮ ಶಾಸನಗಳನ್ನ ಓದಿದ ದೊಡ್ಡ ವಿದ್ವಾಂಸ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸೋಕೆ ಶುರು ಮಾಡಿದ. ಸಂಗೊಳ್ಳಿ ರಾಯಣ್ಣನ ದಂಗೆಯ ಹಾಡು, ಸಂಗ್ಯಾನ ಕೊಲೆಯ ಹಾಡು ಅದರಲ್ಲಿವೆ. ಇನ್‌ಕಮ್ ಟ್ಯಾಕ್ಸ್ ಹಾಕಿದಾಗ ಜನ ಪಟ್ಟ ಪಾಡಿನ ಮೇಲೂ ಒಂದು ಲಾವಣಿ ಇದೆ! ಆಮೇಲೆ ಬಿ. ಎಸ್. ಗದ್ದಗಿಮಠರಂಥ ನಮ್ಮ ಜಾನಪದ ವಿದ್ವಾಂಸರು ಊರೂರು ಸುತ್ತಿ ಹಾಡುಗಳನ್ನ ಸಂಗ್ರಹಿಸಿದ್ರು. ಹಾಗೆ ಉಳಿದ ಹಾಡು ನಿಮ್ಮ ಪಠ್ಯಪುಸ್ತಕಕ್ಕೆ ಬಂತು.

ಹಾಡು ಹೇಳಿದ್ದೆಲ್ಲ ಅಕ್ಷರಶಃ ನಿಜಾನಾ? ಇಲ್ಲ. ಹಲಗಲಿಯ ಗುರುತೇ ಉಳಿಯದ ಹಾಗೆ ಸುಟ್ಟರು ಅಂತ ಲಾವಣಿ ಹೇಳುತ್ತೆ. ಆದರೆ ಊರು ಇವತ್ತಿಗೂ ಇದೆ, ಬಸ್ ಹತ್ತಿ ಹೋಗಿ ಬರಬಹುದು. ತಾರೀಕು, ಸಂಖ್ಯೆ ಬೇಕು ಅಂದ್ರೆ ದಾಖಲೆ ನೋಡಲೇಬೇಕು. ಅವತ್ತು ಜನರಿಗೆ ಏನನ್ನಿಸ್ತು, ಯಾವುದನ್ನ ಅವರು ನಷ್ಟ ಅಂತ ಎಣಿಸಿದ್ರು ಅನ್ನೋದು ಬೇಕು ಅಂದ್ರೆ ಹಾಡು ಕೇಳಬೇಕು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡಾಗಲೇ ಊರಿನ ಚರಿತ್ರೆ ಪೂರ್ತಿ ಆಗೋದು.

ನನ್ನ ಚಿಂತೆ ಇರೋದು ಅಚ್ಚಾಗದ ಹಾಡುಗಳ ಬಗ್ಗೆ. ಹಲಗಲಿಗೆ ಒಬ್ಬ ಕವಿ ಸಿಕ್ಕ, ಬರ್ಕೊಳ್ಳೋರೂ ಸಿಕ್ಕರು. ಬರಗಾಲ, ಪ್ಲೇಗು, ಡ್ಯಾಮಿಗೆ ಮುಳುಗಿದ ಊರು, ಇವುಗಳ ಹಾಡು ಯಾರ ಬಾಯಲ್ಲಿವೆ? ಬಹುಶಃ ನಿಮ್ಮ ಊರಿನ ಅಜ್ಜಿಯ ಬಾಯಲ್ಲಿ, ಇಲ್ಲಾ ಗೀಗೀ ಮೇಳದ ಹಿರಿಯರೊಬ್ಬರ ಬಾಯಲ್ಲಿ. ಅವರು ಹೋದ್ರೆ ಹಾಡೂ ಹೋಯ್ತು.

ನಿಮ್ಮ ಕೈಯಲ್ಲಿ ಫೋನ್ ಇದೆ. ಈ ಸಲ ಊರಿಗೆ ಹೋದಾಗ ಅವರ ಹತ್ತಿರ ಕೂತ್ಕೊಳ್ಳಿ. ‘ರೆಕಾರ್ಡ್ ಮಾಡ್ಲಾ?’ ಅಂತ ಮೊದಲು ಕೇಳಿ. ರೀಲ್ಸಿಗೆ ಬೇಕಾದ ಮೂವತ್ತು ಸೆಕೆಂಡ್ ಸಾಲದು, ಪೂರ್ತಿ ಹಾಡಿಸಿ. ಮಧ್ಯೆ ಮರೆತ್ರೆ ಕಾಯಿರಿ. ಹಾಡಿದವರ ಹೆಸರು, ಊರು, ತಾರೀಕು ಬರೆದಿಡಿ. ಹಲಗಲಿಯ ಕವಿಯ ಹೆಸರು ನಮಗೆ ಸಿಗಲಿಲ್ಲ, ಇವರದ್ದಾದರೂ ಉಳೀಲಿ. ಆಮೇಲೆ ಒಂದು ಪ್ರಶ್ನೆ ಕೇಳೋದು ಮರೀಬೇಡಿ: ‘ಈ ಹಾಡು ನಿಮಗೆ ಯಾರು ಕಲಿಸಿದ್ದು?’ ಉತ್ತರ ಬರುವಾಗ ರೆಕಾರ್ಡಿಂಗ್ ನಿಲ್ಲಿಸಬೇಡಿ.

ಮುಂದಿನ ವಾರ ಸಿಗೋಣ.