ಸೂರಿಲ್ಲದ ಸೇತುವೆಗಳು

ಸೇತುವೆಗೆ ಚಾವಣಿ ಯಾಕೆ? ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣದ ಮರದ ಸೇತುವೆಯ ಚಿತ್ರ ನೋಡಿದವರಿಗೆ ಈ ಪ್ರಶ್ನೆ ಏಳದೆ ಇರದು. ದಾಟುವವರು ನೆನೆಯದಿರಲಿ ಎಂದು ಅನ್ನಿಸುವುದು ಸಹಜ. ಆದರೆ ಆ ಸೂರು ಮನುಷ್ಯನಿಗಿಂತ ಹೆಚ್ಚಾಗಿ ಮರಕ್ಕಾಗಿ ಇರುವಂಥದ್ದು. ಮಳೆ ಬಿಸಿಲಿಗೆ ಒಡ್ಡಿದ ತೊಲೆ ಕೆಲವೇ ವರ್ಷಗಳಲ್ಲಿ ಕುಂಬಾಗುತ್ತದೆ. ಕೀಲುಗಳಿಗೆ ನೀರಿಳಿಯದಂತೆ ಕಾಪಾಡಿದರೆ ಅದೇ ತೊಲೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. 14ನೇ ಶತಮಾನದ ಲೂಸರ್ನ್ ಸೇತುವೆಗೆ ದೊಡ್ಡ ಪೆಟ್ಟು ಕೊಟ್ಟದ್ದು ನೀರಲ್ಲ, ಬೆಂಕಿ. 1993ರ ಆಗಸ್ಟ್‌ನಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಕಟ್ಟಿದರು.

ನಮ್ಮ ಹುಣಸೂರು, ಹೆಗ್ಗಡದೇವನಕೋಟೆ ಸೀಮೆಗೂ ಮರದ ಬರವಿರಲಿಲ್ಲ. ಕಾಕನಕೋಟೆಯ ತೇಗ ಹೆಸರುವಾಸಿ. ಹುಣಸೂರಿನಲ್ಲಿ ಸೇನೆಯ ಸರಬರಾಜು ಇಲಾಖೆ 1864ರವರೆಗೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆಗಳ ಜೊತೆಗೆ ಮರದ ಯಾರ್ಡನ್ನೂ ನಡೆಸುತ್ತಿತ್ತು. ಆದರೂ ಸೂರಿನ ಸೇತುವೆ ಕಟ್ಟುವ ಪರಂಪರೆ ಇಲ್ಲಿ ಬೆಳೆಯಲಿಲ್ಲ. ಗೆದ್ದಲಿಗೆ ಇದರಲ್ಲಿ ಪಾಲಿರಬೇಕು. ಕೈಗೆಟಕುವಂತೆ ಕಲ್ಲಿದ್ದದ್ದು ಇನ್ನೂ ದೊಡ್ಡ ಕಾರಣವೆನ್ನಿಸುತ್ತದೆ.

ಅಧಿಕಾರದಲ್ಲಿದ್ದವರು ಕಲ್ಲನ್ನೇ ನಂಬಿದರು. ನಂಜನಗೂಡಿನ ಕಪಿಲೆಗೆ 1735ರ ಸುಮಾರಿಗೆ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು! ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಲ್ಲಿನ ಕಂಬ, ಕಲ್ಲಿನ ತೊಲೆಗಳ ಸೇತುವೆ ಕಟ್ಟಿಸಿದರು. ಟಿಪ್ಪು ಸುಲ್ತಾನರು ಮಡಿದು ಆಗ ಐದೇ ವರ್ಷ. ಸೇತುವೆಗೆ ಇಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು.

ಇವೆಲ್ಲ ದಳವಾಯಿ, ದಿವಾನರ ಹೆಸರು ಹೊತ್ತು ಚರಿತ್ರೆ ಸೇರಿದ ಸೇತುವೆಗಳು. ಬಡವನ ಮನೆಗೂ ಶಾಲೆಗೂ ನಡುವೆ ಹರಿಯುವ ಹಳ್ಳಕ್ಕೆ ಕಲ್ಲು ಹೊತ್ತವರು ಯಾರು? ಹೊಳೆಗಳಲ್ಲಿ ಹರಿಗೋಲಿತ್ತು. ಮಲೆನಾಡು, ಕರಾವಳಿಯ ಹಳ್ಳಗಳಲ್ಲಿ ಕಾಲುಸಂಕವಿತ್ತು. ನಮ್ಮ ಹಳ್ಳಿಗಳ ನಿಜವಾದ ಮರದ ಸೇತುವೆಯೆಂದರೆ ಇದೇ. ಮಳೆಗಾಲಕ್ಕೆ ಮೊದಲು ಊರವರೇ ಸೇರಿ ಎರಡು ಮೂರು ಅಡಿಕೆ ಮರಗಳನ್ನು ಕಡಿದು, ದಡದಿಂದ ದಡಕ್ಕೆ ಚಾಚಿ, ಬಳ್ಳಿಯಿಂದಲೋ ಹಗ್ಗದಿಂದಲೋ ಬಿಗಿಯುತ್ತಾರೆ. ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಸಿಕ್ಕರೆ ಪುಣ್ಯ. ಪಾಚಿ ಕಟ್ಟಿದ ಆ ಮರದ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸರ ಧೈರ್ಯವನ್ನು ಯಾವ ಗೆಜೆಟಿಯರೂ ಬರೆದಿಟ್ಟಿಲ್ಲ. ಪ್ರವಾಹ ಒಯ್ದರೆ ಮತ್ತೆ ಹೊಸದು. ಕಟ್ಟಿದವನ ಹೆಸರಿಲ್ಲ, ಶಿಲಾಶಾಸನವಿಲ್ಲ, ಉದ್ಘಾಟನೆಯಂತೂ ಇಲ್ಲವೇ ಇಲ್ಲ.

ಇದನ್ನೆಲ್ಲ ಹಳೆಯ ಕಾಲದ ಸೊಬಗೆಂದು ಬಣ್ಣಿಸಲು ನಮಗೆ ಮನಸ್ಸಾಗದು. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಭಾಗದಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಸ್ವಾತಂತ್ರ್ಯದ ಎಪ್ಪತ್ತೈದನೇ ವರ್ಷದ ಹಬ್ಬಕ್ಕೆ ಆಗ ವಾರವಷ್ಟೇ ಉಳಿದಿತ್ತು.

ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲೇ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಉಕ್ಕಿನ ಹಗ್ಗಗಳ ತೂಗುಸೇತುವೆ ಕಟ್ಟಿದ್ದರು. ಖರ್ಚು ಕಾಂಕ್ರೀಟ್ ಸೇತುವೆಗಿಂತ ಎಷ್ಟೋ ಕಡಿಮೆ, ಸಮಯವೂ ಕಡಿಮೆ. ಊರವರ ಕೈ ಜೋಡಿಸಿಕೊಂಡು ಕರ್ನಾಟಕ, ಕೇರಳ, ಒಡಿಶಾಗಳಲ್ಲೆಲ್ಲ ನೂರಕ್ಕೂ ಮಿಕ್ಕಿ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವುಗಳ ಮೇಲೆ ಲಾರಿ ಹೋಗುವುದಿಲ್ಲ, ನಿಜ. ಮಕ್ಕಳು, ಮುದುಕರು, ಹಾಲಿನ ಕ್ಯಾನು ಹೊತ್ತವರು ಹೋಗುತ್ತಾರೆ.