ಎರಡಾಣೆಯ ಉಳಿತಾಯ, ಮಣಿಪಾಲದ ಉದಯ

ದಾನಶೀಲರ ಚರಿತ್ರೆಯನ್ನು ಬರೆಯುವಾಗ ಅವರು ಕೊಟ್ಟ ಹಣದ ಮೊತ್ತವನ್ನು ಹೇಳಿ ಮುಗಿಸುವುದು ವಾಡಿಕೆ. ಡಾ. ತೋನ್ಸೆ ಮಾಧವ ಅನಂತ ಪೈಗಳ ವಿಷಯದಲ್ಲಿ ಆ ಕ್ರಮ ಸಾಲದು. ಅವರ ಮನೆತನವು ಏನು ಕೊಟ್ಟಿತೆಂಬುದಕ್ಕಿಂತ, ಕೊಡುವ ಶಕ್ತಿಯನ್ನು ಹೇಗೆ ಸಂಪಾದಿಸಿತೆಂಬುದೇ ಎಲ್ಲೂರು, ಕಾಪು ಸೀಮೆಯ ನಮ್ಮಂಥವರಿಗೆ ಹೆಚ್ಚು ಉಪಯುಕ್ತವಾದ ಪಾಠ.

ಪೈಗಳು 1898ರಲ್ಲಿ ಕಲ್ಯಾಣಪುರದಲ್ಲಿ ಜನಿಸಿದರು. ಮಿಲಾಗ್ರಿಸ್ ಇಗರ್ಜಿಯಿಂದಾಗಿ ನಮ್ಮವರಿಗೆಲ್ಲ ಪರಿಚಿತವಾದ ಊರದು. ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಅವರು ತಮ್ಮ ಸೀಮೆಗೇ ಮರಳಿದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಆ ದಿನಗಳಲ್ಲಿ, 1925ರಲ್ಲಿ, ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವರೊಡನೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲ ಬಂಡವಾಳ 8,000 ರೂಪಾಯಿ ಮಾತ್ರ.

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯು ಆ ಬ್ಯಾಂಕಿನ ವೈಶಿಷ್ಟ್ಯವಾಯಿತು. ಬ್ಯಾಂಕಿನ ಪ್ರತಿನಿಧಿಯೇ ಪ್ರತಿದಿನ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುತ್ತಿದ್ದ ಬಡವನೂ ಹೀಗೆ ಠೇವಣಿದಾರನಾದನು.

ವ್ಯವಹಾರದಲ್ಲಿ ಗಳಿಸಿದ ಅನುಭವವನ್ನೂ ಜನರ ವಿಶ್ವಾಸವನ್ನೂ ಪೈಗಳು ವಿದ್ಯೆಯ ಕಡೆಗೆ ತಿರುಗಿಸಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಒಂದಾದ ಮೇಲೊಂದರಂತೆ ತಲೆಯೆತ್ತಿದವು. ಬೋಳು ಗುಡ್ಡವಾಗಿದ್ದ ಮಣಿಪಾಲ ವಿದ್ಯಾನಗರವಾಯಿತು. ಉಪೇಂದ್ರ ಪೈಗಳ ಮಗ ಟಿ. ಎ. ಪೈಗಳು ಬ್ಯಾಂಕನ್ನು ಬೆಳೆಸಿ, ಮುಂದೆ ಕೇಂದ್ರ ಸಚಿವರಾದರು. 1979ರಲ್ಲಿ ಮಾಧವ ಪೈಗಳು ತೀರಿಕೊಂಡ ಬಳಿಕ ಮಗ ಡಾ. ರಾಮದಾಸ ಪೈಗಳು ಶಿಕ್ಷಣ ಸಂಸ್ಥೆಗಳ ಹೊಣೆ ಹೊತ್ತರು.

ಈ ಚರಿತ್ರೆಯಲ್ಲಿ ಹೊಗಳಿಕೆಯಷ್ಟೇ ಇದ್ದರೆ ಅದು ಅಪೂರ್ಣ. ಸರಕಾರದ ಹಣವನ್ನು ನೆಚ್ಚದೆ ವಿದ್ಯಾರ್ಥಿಗಳ ವಂತಿಗೆಯಿಂದ ವೈದ್ಯಕೀಯ ಕಾಲೇಜನ್ನು ನಡೆಸುವ ಮಾರ್ಗವು ಸಾವಿರಾರು ಮಂದಿಗೆ ಅವಕಾಶ ನೀಡಿತು, ನಿಜ. ಆದರೆ ಹಣವಿಲ್ಲದ ಪ್ರತಿಭಾವಂತನ ಗತಿಯೇನೆಂಬ ಪ್ರಶ್ನೆಯನ್ನೂ ಅದೇ ಮಾರ್ಗವು ಎಬ್ಬಿಸಿತು. ಟಿ. ಎಂ. ಎ. ಪೈ ಫೌಂಡೇಶನ್ನಿನ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವು 2002ರಲ್ಲಿ ತೀರ್ಪಿತ್ತು, ಖಾಸಗಿ ಸಂಸ್ಥೆಗಳು ತಮ್ಮ ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಮಾಡಿಕೊಳ್ಳಬಹುದು, ಲಾಭಕೋರತನ ಸಲ್ಲದು ಎಂದಿತು. ದಾನಕ್ಕೂ ವ್ಯಾಪಾರಕ್ಕೂ ನಡುವಣ ಗೆರೆ ಎಷ್ಟು ತೆಳುವಾದುದೆಂಬುದಕ್ಕೆ ಇದೇ ಸಾಕ್ಷಿ. ವಿದ್ಯಾಸಂಸ್ಥೆಗಳನ್ನು ನಡೆಸುವವರೆಲ್ಲರೂ, ನಾವೂ ಸಹ, ಆ ಗೆರೆಯನ್ನು ಆಗಾಗ ನೋಡಿಕೊಳ್ಳಬೇಕು.

ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು ಮನೆತನದ ಕೈತಪ್ಪಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಸಿಂಡಿಕೇಟ್ ಎಂಬ ಹೆಸರೂ ಅಳಿಯಿತು. ಗಳಿಸಿದ್ದು ಹೋಯಿತು, ಊರಿಗಾಗಿ ಕಟ್ಟಿದ ಶಾಲೆ, ಆಸ್ಪತ್ರೆಗಳು ಉಳಿದವು. ಕಾಸಿಗೆ ಕಾಸು ಕೂಡಿಸಿ ಇಗರ್ಜಿ ಕಟ್ಟಿದ ನಮ್ಮ ಹಿರಿಯರಿಗೆ ಈ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮಕ್ಕಳಿಗೆ ನಾವೇ ಹೇಳಿಕೊಡಬೇಕು.