ಲಾವಣಿಯಲ್ಲಿ ಉಳಿದ ಹಲಗಲಿ

ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಕಡೆಯವರು. ಸೋತವರಿಗೆ ದಫ್ತರವಿಲ್ಲ, ಮುದ್ರಣಾಲಯವಿಲ್ಲ; ಅವರಿಗಿರುವುದು ಕಂಠವೊಂದೇ. ಯಲಹಂಕ, ಹೆಬ್ಬಾಳದ ಸೀಮೆಯ ನಮಗೆ ಹಳೆಯ ಮೈಸೂರಿನ ಚರಿತ್ರೆ ಪರಿಚಿತವಾದುದು. ಆದರೆ ಅದೇ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಪರಕೀಯರ ಆಳ್ವಿಕೆಯನ್ನು ಹೇಗೆ ಪ್ರತಿಭಟಿಸಿದವೆಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಲಾವಣಿಗಳಿಗೆ ಕಿವಿಗೊಡಬೇಕು.

ಲಾವಣಿಯೆಂದರೆ ಹಾಡಿನಲ್ಲಿ ಹೇಳುವ ಕಥೆ. ದಪ್ಪಿನ ಬಡಿತ, ತುಂತುಣಿಯ ನಾದ, ಹಿಮ್ಮೇಳದ ದನಿ ಇಷ್ಟಿದ್ದರೆ ಜಾತ್ರೆಯ ಬಯಲೇ ಸಭಾಮಂಟಪ. 1824ರಲ್ಲಿ ಕಂಪನಿ ಸರ್ಕಾರವನ್ನು ಎದುರಿಸಿದ ಕಿತ್ತೂರ ಚೆನ್ನಮ್ಮನೂ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ ಅಕ್ಷರವರಿಯದ ಜನರಿಗೆ ಮನೆಮಾತಾದುದು ಇಂತಹ ಹಾಡುಗಳಿಂದಲೇ.

ಇವುಗಳಲ್ಲಿ ಹಲಗಲಿಯ ಬೇಡರ ಲಾವಣಿ ವಿಶೇಷವಾದುದು. 1857ರ ದಂಗೆಯಿಂದ ಬೆದರಿದ ಸರ್ಕಾರವು, ಅನುಮತಿಯಿಲ್ಲದೆ ಯಾರೂ ಆಯುಧವನ್ನು ಇಟ್ಟುಕೊಳ್ಳಕೂಡದೆಂದು ಕಾಯಿದೆ ಮಾಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವೇ ಜೀವನೋಪಾಯ, ಆಯುಧವೇ ಮಾನ. ಜಡಗ, ಬಾಲ, ಹನುಮ, ರಾಮ ಮೊದಲಾದವರು ಅದನ್ನು ಒಪ್ಪಿಸಲು ನಿರಾಕರಿಸಿದರು. ಸೈನ್ಯವು ಬಂದು ಊರಿಗೆ ಬೆಂಕಿಯಿಟ್ಟಿತು. ಅನೇಕರು ಹತರಾದರು, ಸೆರೆಸಿಕ್ಕವರಲ್ಲಿ ಹಲವರನ್ನು ನೇಣಿಗೆ ಹಾಕಲಾಯಿತು.

ಲಾವಣಿಕಾರನು ಇಷ್ಟಕ್ಕೇ ನಿಲ್ಲುವುದಿಲ್ಲ. ಸೈನಿಕರು ದೋಚಿದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅವುಗಳಲ್ಲಿ ಕೊಡಲಿ, ಕುಡುಗೋಲುಗಳಿವೆ, ಉಪ್ಪು, ಬೆಣ್ಣೆಗಳಿವೆ, ಮಂಗಳಸೂತ್ರವೂ ಬೀಸುವ ಕಲ್ಲೂ ಇವೆ. ದಂಗೆಯನ್ನು ಅಡಗಿಸಿದೆವೆಂದು ವರದಿ ಬರೆಯುವ ಅಧಿಕಾರಿಗೆ ಬೀಸುವ ಕಲ್ಲು ಲೆಕ್ಕಕ್ಕೆ ಬಾರದು. ಬಡವರಿಗಾದರೋ ಅದು ನಾಳಿನ ರೊಟ್ಟಿ. ಆಳುವವರು ಅಪರಾಧವೆಂದು ಕಂಡುದನ್ನು ಹಾಡು ಮನೆಮನೆಯ ಸಂಕಟವೆಂದು ಕಂಡಿತು. ಅದರ ಪ್ರತಿಭಟನೆಯ ಬಲವಿರುವುದು ಇಲ್ಲಿಯೇ.

ಈ ಲಾವಣಿಯನ್ನು ಸಂಗ್ರಹಿಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದವರು ಶಾಸನತಜ್ಞ ಜೆ. ಎಫ್. ಫ್ಲೀಟ್. ಅವರು ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದರೆಂಬುದು ಗಮನಾರ್ಹ. ಮುಂದೆ ಗಾಂಧೀಜಿಯವರ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳು ಇದೇ ಪರಂಪರೆಯಲ್ಲಿ ಖಾದಿ, ಪಾನನಿರೋಧಗಳ ಸಂದೇಶವನ್ನು ಹಳ್ಳಿಹಳ್ಳಿಗೆ ಒಯ್ದವು.

ನಮ್ಮ ಸುತ್ತಲಿನ ಹಳ್ಳಿಗಳು ಇಂದು ಬಡಾವಣೆಗಳಾಗಿವೆ. ರಾಗಿ ಬೀಸುತ್ತ, ಕಳೆ ಕೀಳುತ್ತ ಹಾಡುತ್ತಿದ್ದ ಹಿರಿಯರು ವಿರಳರಾಗುತ್ತಿದ್ದಾರೆ. ಅವರು ಯಾವ ಕಷ್ಟವನ್ನು, ಯಾರ ದಬ್ಬಾಳಿಕೆಯನ್ನು ಹಾಡಿದರೆಂದು ಕೇಳಿ ಬರೆದಿಡುವವರು ಬೇಕಾಗಿದ್ದಾರೆ. ಪರದೇಶದ ಅಧಿಕಾರಿಯೊಬ್ಬರು ಹಲಗಲಿಗಾಗಿ ಮಾಡಿದ ಈ ಕಾರ್ಯವನ್ನು ನಮ್ಮ ಊರಿನ ಹಿರಿಯರಿಗಾಗಿ ನಾವು ಮಾಡಲಾಗದೇ?